ಎರವಲು ತಂದ ವಸ್ತು, ಬಿಟ್ಟುಹೋದ ಪಾಠ

ಇಂಗ್ಲೆಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ಇತಿಹಾಸ ಪಠ್ಯಕ್ರಮದ ಪ್ರಕಾರ ಏಳರಿಂದ ಹನ್ನೊಂದು ವರ್ಷದ ಮಕ್ಕಳು ಯುರೋಪಿನ ಆಚೆಯ ಒಂದು ಸಮಾಜದ ಬಗ್ಗೆ ಓದಬೇಕು. ಮೇಷ್ಟ್ರ ಮುಂದೆ ಮೂರು ಆಯ್ಕೆಗಳಿವೆ: ಬಾಗ್ದಾದ್ ಸೇರಿದಂತೆ ಆರಂಭದ ಇಸ್ಲಾಮಿಕ್ ನಾಗರಿಕತೆ, ಮಾಯಾ ನಾಗರಿಕತೆ, ಇಲ್ಲವೇ ಪಶ್ಚಿಮ ಆಫ್ರಿಕಾದ ಬೆನಿನ್. ಬೆನಿನ್ ಆರಿಸಿಕೊಂಡವರಿಗೆ ಒಂದು ಬೇಲಿ ಹಾಕಿದ್ದಾರೆ. ಕ್ರಿ.ಶ. 900ರಿಂದ 1300ರವರೆಗೆ ಮಾತ್ರ. ಆದರೆ ಈ ಪಾಠಕ್ಕೆ ಜೀವ ಬರುವುದು ಬೆನಿನ್ ಕಂಚುಗಳಿಂದ. ಅವುಗಳಲ್ಲಿ ಹೆಸರಾದ ಉಬ್ಬುಫಲಕಗಳು ಹದಿನಾರು, ಹದಿನೇಳನೇ ಶತಮಾನದವು. ಅವು ಲಂಡನ್ನಿಗೆ ಬಂದದ್ದು 1897ರಲ್ಲಿ, ಬ್ರಿಟಿಷ್ ಪಡೆ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರವನ್ನು ಹಿಡಿದು ಕೊಳ್ಳೆ ಹೊಡೆದ ಮೇಲೆ. ವಸ್ತು ತಯಾರಾದ ಕಾಲವೂ ಬೇಲಿಯ ಆಚೆ, ಅದು ಕೈಬದಲಾದ ಕಾಲವೂ ಬೇಲಿಯ ಆಚೆ. ತರಗತಿಯೊಳಗೆ ವಸ್ತು ಮಾತ್ರ ಇದೆ.

ಇದು ಯಾರೋ ಕೂತು ಹೂಡಿದ ಸಂಚು ಎನ್ನಬೇಕಾಗಿಲ್ಲ. ಪಠ್ಯಕ್ರಮ ಬರೆಯುವವರಿಗೆ ಗಡಿ ಬೇಕು, ಗಡಿ ಎಳೆದಾಗ ಏನೋ ಒಂದು ಹೊರಗೆ ಉಳಿಯುತ್ತದೆ. ಆದರೆ ಪ್ರತಿ ಸಲವೂ ಹೊರಗೆ ಉಳಿಯುವುದು ಅದೇ ಒಂದು ಸಂಗತಿಯಾದರೆ ಅದನ್ನು ಕೇಳಲೇಬೇಕಾಗುತ್ತದೆ.

ವಸ್ತುಸಂಗ್ರಹಾಲಯದ ಸಾಮಾನನ್ನು ಶಾಲೆಗೆ ಎರವಲು ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಹಳೆಯದು. ರೆಡಿಂಗ್ ನಗರದ ಮ್ಯೂಸಿಯಂ 1911ರಿಂದಲೂ ಶಾಲೆಗಳಿಗೆ ಪೆಟ್ಟಿಗೆಗಳನ್ನು ಕಳಿಸುತ್ತಾ ಬಂದಿದೆ. ಪೆಟ್ಟಿಗೆ ಶಾಲೆಗೆ ಬರುತ್ತದೆ, ಮಕ್ಕಳು ವಸ್ತುವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ, ಪಾಠ ಮುಗಿದ ಮೇಲೆ ಪೆಟ್ಟಿಗೆ ಮುಂದಿನ ಶಾಲೆಗೆ ಹೋಗುತ್ತದೆ. ಕಲಿಸುವ ವಿಧಾನವಾಗಿ ಇದಕ್ಕೆ ಸಾಟಿ ಇಲ್ಲ. ಪುಸ್ತಕದ ಚಿತ್ರಕ್ಕೆ ತೂಕವಿಲ್ಲ, ವಾಸನೆಯಿಲ್ಲ, ಸವೆದ ಅಂಚಿಲ್ಲ. ಕೈಗೆ ಬಂದ ವಸ್ತುವಿಗೆ ಇವೆಲ್ಲ ಇವೆ. ವಸಾಹತುಶಾಹಿಯಂಥ ದೊಡ್ಡ ಪದವನ್ನು ಹತ್ತು ವರ್ಷದ ಮಗುವಿಗೆ ತಲುಪಿಸಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.

ಉದಾಹರಣೆಗೆ ಮನಿಲ್ಲಾ. ಕುದುರೆ ಲಾಳದ ಆಕಾರದ, ತುದಿಗಳು ಅಗಲವಾದ ಸಣ್ಣ ಲೋಹದ ಬಳೆ. ಮಗುವಿನ ಅಂಗೈ ಮೇಲೆ ಇಟ್ಟರೆ ಭಾರ ಗೊತ್ತಾಗುವಷ್ಟು ಗಟ್ಟಿ. ನೋಡಿದವರಿಗೆ ಆಭರಣ ಅನಿಸಬಹುದು, ಆದರೆ ಅದು ಹಣ. ಪೋರ್ಚುಗೀಸರಿಂದ ಹಿಡಿದು ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾಕ್ಕೆ ಇದನ್ನು ಹಡಗುಗಟ್ಟಲೆ ಸಾಗಿಸಿದರು. ಮೆಣಸಿಗೆ, ದಂತಕ್ಕೆ, ಕೊನೆಗೆ ಮನುಷ್ಯರಿಗೆ ಇದೇ ಬೆಲೆಯಾಯಿತು. ಬ್ರಿಸ್ಟಲ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಇದನ್ನು ಎರಕ ಹೊಯ್ಯುವ ಕಾರ್ಖಾನೆಗಳೇ ಇದ್ದವು. ನೈಜೀರಿಯಾದಲ್ಲಿ ಬ್ರಿಟಿಷ್ ಆಡಳಿತ ಇದರ ಚಲಾವಣೆಯನ್ನು ಪೂರ್ತಿ ನಿಲ್ಲಿಸಿದ್ದು 1940ರ ದಶಕದ ಕೊನೆಗೆ, ಅಂದರೆ ಭಾರತ ಸ್ವತಂತ್ರವಾದ ಆಸುಪಾಸಿನಲ್ಲಿ. 2023ರಲ್ಲಿ ಪ್ರಕಟವಾದ ಜರ್ಮನ್ ಸಂಶೋಧಕರ ಅಧ್ಯಯನವೊಂದು, ಮುಳುಗಿದ ಹಡಗುಗಳಲ್ಲಿ ಸಿಕ್ಕ ಹಳೆಯ ಮನಿಲ್ಲಾಗಳ ಲೋಹಕ್ಕೂ ಬೆನಿನ್ ಕಂಚುಗಳ ಲೋಹಕ್ಕೂ ತಾಳೆ ನೋಡಿತು. ಎರಡೂ ಕಡೆ ಜರ್ಮನಿಯ ರೈನ್ ಪ್ರದೇಶದ ಹಿತ್ತಾಳೆಯ ಗುರುತು ಸಿಕ್ಕಿತು. ಬೆನಿನ್ ಅರಮನೆಯ ಎರಕದವರು ವ್ಯಾಪಾರಕ್ಕೆ ಬಂದ ಬಳೆಗಳನ್ನು ಕರಗಿಸಿ ತಮ್ಮ ಅರಸರ ಮುಖಗಳನ್ನು ಎರೆದಿದ್ದರು.

ಈ ಪುಟ್ಟ ಬಳೆ ಯಾರನ್ನೂ ಸುಲಭವಾಗಿ ಬಿಡುವುದಿಲ್ಲ. ಗುಲಾಮರನ್ನು ಕೊಂಡವರಿದ್ದಂತೆ ಮಾರಿದವರೂ ಇದ್ದರು, ಅವರಲ್ಲಿ ಬೆನಿನ್ ರಾಜ್ಯವೂ ಸೇರಿತ್ತು. ಅಮೆರಿಕದ ರೆಸ್ಟಿಟ್ಯೂಷನ್ ಸ್ಟಡಿ ಗ್ರೂಪ್ ಎಂಬ ಸಂಸ್ಥೆ ಇದೇ ಕಾರಣಕ್ಕೆ, ಕಂಚುಗಳ ಮೇಲೆ ಮಾರಾಟವಾದವರ ಸಂತತಿಗೂ ಹಕ್ಕಿದೆ ಎಂದು ವಾದಿಸುತ್ತಿದೆ. ದೊಡ್ಡ ಕಲಾಕೃತಿಯ ಮುಂದೆ ನಿಂತ ಮಗು ಬೆರಗಾಗುತ್ತದೆ, ಮುಂದಕ್ಕೆ ಹೋಗುತ್ತದೆ. ಸಾಧಾರಣ ವಸ್ತುವಿನ ಮುಂದೆ ಪ್ರಶ್ನೆ ಏಳುತ್ತದೆ. ಇದನ್ನು ಯಾರು ಮಾಡಿದರು, ಯಾರಿಗೆ ಕೊಟ್ಟರು, ಬದಲಿಗೆ ಏನು ತಗೊಂಡರು? ವಸಾಹತಿನ ಪಾಠಕ್ಕೆ ಬೇಕಾದದ್ದು ಈ ಮೂರು ಪ್ರಶ್ನೆಗಳೇ.

ಇನ್ನು 1897ರ ಕಥೆ. ಹಿಂದಿನ ವರ್ಷದ ನವೆಂಬರಿನಲ್ಲಿ ಜೇಮ್ಸ್ ಫಿಲಿಪ್ಸ್ ಎಂಬ ಹಂಗಾಮಿ ಕಾನ್ಸುಲ್ ಜನರಲ್ ಬೆನಿನ್ ಅರಸನನ್ನು ಪದಚ್ಯುತಗೊಳಿಸಲು ಅನುಮತಿ ಕೇಳಿ ಲಂಡನ್ನಿಗೆ ಪತ್ರ ಬರೆದ. ದಂಡಯಾತ್ರೆಯ ಖರ್ಚನ್ನು ಅರಮನೆಯಲ್ಲಿ ಸಿಗುವ ದಂತದಿಂದ ತುಂಬಿಕೊಳ್ಳಬಹುದು ಎಂಬ ಆಸೆಯನ್ನೂ ಅದರಲ್ಲಿ ಕಾಣಿಸಿದ. ಅಪ್ಪಣೆ ಬರುವ ಮೊದಲೇ ಹೊರಟ. ಅರಮನೆಯಲ್ಲಿ ವ್ರತ, ಉತ್ಸವಗಳ ಕಾಲ, ಈಗ ಬರಬೇಡಿ ಎಂದು ಅರಸ ಹೇಳಿಕಳಿಸಿದರೂ ಕೇಳಲಿಲ್ಲ. ದಾರಿಯಲ್ಲಿ ದಾಳಿಯಾಗಿ ಅವನೂ ಅವನ ಜೊತೆಗಿದ್ದ ಬಹುತೇಕರೂ ಸತ್ತರು. ಫೆಬ್ರುವರಿಯಲ್ಲಿ ಅಡ್ಮಿರಲ್ ಹ್ಯಾರಿ ರಾಸನ್ ನೇತೃತ್ವದ ಪಡೆ ಬಂದು ನಗರವನ್ನು ಹಿಡಿಯಿತು. ಅರಮನೆ ಬೆಂಕಿಗೆ ಹೋಯಿತು. ಅರಸ ಒವೊನ್‌ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು, 1914ರಲ್ಲಿ ಅವನು ಅಲ್ಲೇ ತೀರಿಕೊಂಡ. ಸಾವಿರಾರು ವಸ್ತುಗಳು ಹಡಗೇರಿ, ಒಂದಷ್ಟು ಹರಾಜಾಗಿ, ಯುರೋಪು ಅಮೆರಿಕದ ತುಂಬ ಹರಡಿದವು. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್ನಿನ 900ಕ್ಕೂ ಹೆಚ್ಚು ವಸ್ತುಗಳಿವೆ.

1977ರಲ್ಲಿ ಲಾಗೋಸ್‌ನಲ್ಲಿ ಆಫ್ರಿಕನ್ ಕಲೆಗಳ ದೊಡ್ಡ ಉತ್ಸವ ನಡೆಯಿತು. ಅದರ ಲಾಂಛನ ರಾಣಿ ಇಡಿಯಾಳ ದಂತದ ಮುಖವಾಡ. ಮೂಲ ಮುಖವಾಡವನ್ನು ಉತ್ಸವಕ್ಕೆ ಕೊಡಿ ಎಂದು ನೈಜೀರಿಯಾ ಕೇಳಿತು. ಬ್ರಿಟಿಷ್ ಮ್ಯೂಸಿಯಂ ಕೊಡಲಿಲ್ಲ. ಉತ್ಸವ ಪ್ರತಿಕೃತಿಯಲ್ಲೇ ನಡೆಯಿತು.

ಈ ಲೆಕ್ಕ ತಿರುಗುಮುರುಗಾದದ್ದು ಲಂಡನ್ನಿನ ದಕ್ಷಿಣಕ್ಕಿರುವ ಹಾರ್ನಿಮನ್ ಮ್ಯೂಸಿಯಂನಲ್ಲಿ. ಚಹಾ ವ್ಯಾಪಾರಿಯೊಬ್ಬ ಕಟ್ಟಿದ ಸಂಸ್ಥೆ ಇದು. 2022ರ ಆಗಸ್ಟಿನಲ್ಲಿ ಅದು ತನ್ನಲ್ಲಿದ್ದ ಬೆನಿನ್ನಿನ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಡುವುದಾಗಿ ಘೋಷಿಸಿತು, ನವೆಂಬರಿನಲ್ಲಿ ಬಿಟ್ಟುಕೊಟ್ಟಿತು. ಅವುಗಳಲ್ಲಿ ಹನ್ನೆರಡು ಹಿತ್ತಾಳೆ ಫಲಕಗಳಿದ್ದವು, ಒಂದು ಹುಂಜವಿತ್ತು, ಬೀಸಣಿಗೆ ಬುಟ್ಟಿಗಳಿದ್ದವು, ಅರಸನ ಅರಮನೆಯದು ಎನ್ನಲಾದ ಒಂದು ಬೀಗದಕೈಯೂ ಇತ್ತು. ಮನೆ ಸುಟ್ಟವರು ಕೀಲಿಯನ್ನು ಜೋಪಾನ ಮಾಡಿ ಇಟ್ಟಿದ್ದರು! ತೀರ್ಮಾನಕ್ಕೆ ಬರುವ ಮೊದಲು ಮ್ಯೂಸಿಯಂ ಕೇಳಿದ ಅಭಿಪ್ರಾಯಗಳಲ್ಲಿ ವಿದ್ವಾಂಸರ, ಕಲಾವಿದರ ಮಾತಿನ ಜೊತೆಗೆ ಶಾಲಾ ಮಕ್ಕಳ ಮಾತೂ ಸೇರಿತ್ತು. ಮೊದಲ ಕಂತಿನಲ್ಲಿ ಆರು ವಸ್ತುಗಳು ಹೊರಟವು, ಉಳಿದವು ಸದ್ಯಕ್ಕೆ ಲಂಡನ್ನಿನಲ್ಲೇ ಉಳಿದವು. ಆದರೆ ಈಗ ಅವು ನೈಜೀರಿಯಾದ ಆಸ್ತಿ, ಹಾರ್ನಿಮನ್ ಅವನ್ನು ಎರವಲು ಪಡೆದಿರುವ ಸಂಸ್ಥೆ. ವಸ್ತು ಅದೇ, ಗಾಜಿನ ಪೆಟ್ಟಿಗೆ ಅದೇ. ಕಾಗದ ಬದಲಾಗಿದೆ. ಬರ್ಲಿನ್ನಿನಲ್ಲೂ ಹೀಗೇ ಆಯಿತು. ಅಲ್ಲಿನ 500ಕ್ಕೂ ಹೆಚ್ಚು ವಸ್ತುಗಳ ಒಡೆತನ 2022ರಲ್ಲಿ ನೈಜೀರಿಯಾಕ್ಕೆ ಹೋಯಿತು, ಸುಮಾರು ಮೂರನೇ ಒಂದು ಭಾಗ ಹತ್ತು ವರ್ಷಗಳ ಎರವಲಿನ ಮೇಲೆ ಅಲ್ಲೇ ಇದೆ.

ಇಂಥ ವಸ್ತುವಿನ ಮುಂದೆ ಮಕ್ಕಳನ್ನು ನಿಲ್ಲಿಸಿದರೆ ಮೇಷ್ಟ್ರು ಹೆಚ್ಚು ಮಾತಾಡಬೇಕಾಗಿಲ್ಲ. ಯಾರ ವಸ್ತು, ಯಾರು ಕೊಟ್ಟರು, ಎಷ್ಟು ದಿನಕ್ಕೆ ಎಂಬ ಮೂರು ಸಾಲಿನ ಫಲಕವನ್ನು ಮಕ್ಕಳಿಂದಲೇ ಓದಿಸಿದರೆ ಅರ್ಧ ಪಾಠ ಮುಗಿಯಿತು.

ವಿದ್ಯಾರ್ಥಿಗಳು ಓದಿ ಸುಮ್ಮನಿರುವುದಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಕೇಂಬ್ರಿಜ್‌ನ ಜೀಸಸ್ ಕಾಲೇಜಿನಲ್ಲಿ 1905ರಿಂದ ಬೆನಿನ್ನಿನ ಒಂದು ಕಂಚಿನ ಹುಂಜವಿತ್ತು, ವಿದ್ಯಾರ್ಥಿಯೊಬ್ಬನ ತಂದೆ ಕೊಟ್ಟ ಕಾಣಿಕೆ. 2016ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅದನ್ನು ವಾಪಸ್ ಕಳಿಸಿ ಎಂದು ಹಟ ಹಿಡಿದರು. ಹುಂಜವನ್ನು ಊಟದ ಸಭಾಂಗಣದಿಂದ ತೆಗೆದಿಟ್ಟು, ಸಮಿತಿ ಮಾಡಿ, ಚರ್ಚಿಸಿ, ಕಡೆಗೆ 2021ರ ಅಕ್ಟೋಬರಿನಲ್ಲಿ ಕಾಲೇಜು ಅದನ್ನು ನೈಜೀರಿಯಾಕ್ಕೆ ಒಪ್ಪಿಸಿತು. ಮರುದಿನವೇ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಕಂಚಿನ ತಲೆಯನ್ನು ಒಪ್ಪಿಸಿತು.

ಇದಕ್ಕೆಲ್ಲ ವಿರೋಧವೂ ಜೋರಾಗಿಯೇ ಇದೆ. ಎಳೆಯ ಮಕ್ಕಳ ತಲೆಗೆ ಅಜ್ಜಂದಿರ ಪಾಪ ಯಾಕೆ ಹೊರಿಸುತ್ತೀರಿ ಎಂಬುದು ಬ್ರಿಟನ್ನಿನ ಒಂದು ವರ್ಗದ ಆಕ್ಷೇಪ. ಲೆಸ್ಟರ್ ವಿಶ್ವವಿದ್ಯಾಲಯದ ಕೊರಿನ್ ಫೌಲರ್ ನೇತೃತ್ವದಲ್ಲಿ 2018ರಲ್ಲಿ ಶುರುವಾದ 'ಕಲೋನಿಯಲ್ ಕಂಟ್ರಿಸೈಡ್' ಯೋಜನೆಗೆ ಈ ಏಟು ಬಿತ್ತು. ನೂರು ಪ್ರಾಥಮಿಕ ಶಾಲಾ ಮಕ್ಕಳನ್ನು, ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಹತ್ತು ಹಳೆಯ ಬಂಗಲೆಗಳಿಗೆ ಕರೆದೊಯ್ದು, ಅಲ್ಲಿನ ವಸ್ತುಗಳ ಹಿಂದಿನ ವಸಾಹತು ನಂಟನ್ನು ಅವರಿಂದಲೇ ಹುಡುಕಿಸಿ, ಬರೆಸುವ ಕೆಲಸ ಅದು. 2020ರ ಸೆಪ್ಟೆಂಬರಿನಲ್ಲಿ ಟ್ರಸ್ಟ್ ತನ್ನ 93 ತಾಣಗಳಿಗೆ ಗುಲಾಮಗಿರಿ ಮತ್ತು ವಸಾಹತಿನ ನಂಟಿದೆ ಎಂದು ವರದಿ ಹೊರಡಿಸಿದಾಗ ಕನ್ಸರ್ವೇಟಿವ್ ಸಂಸದರ ಒಂದು ಗುಂಪು ಕೆಂಡಾಮಂಡಲವಾಯಿತು, ದೂರು ಕೊಟ್ಟಿತು. ದತ್ತಿ ಸಂಸ್ಥೆಗಳ ಮೇಲ್ವಿಚಾರಣಾ ಆಯೋಗ ತನಿಖೆ ಮಾಡಿ, ಟ್ರಸ್ಟ್ ಯಾವ ಕಾನೂನನ್ನೂ ಮುರಿದಿಲ್ಲ ಎಂದು 2021ರ ಮಾರ್ಚಿನಲ್ಲಿ ಹೇಳಿತು. ನಿಜ ಹೇಳಬೇಕೆಂದರೆ ಪಾಪ ಹೊರಿಸುವ ಮಾತೇ ಇಲ್ಲಿ ಬರುವುದಿಲ್ಲ. ವಸ್ತು ಎಲ್ಲಿಂದ ಬಂತು ಎಂದು ಕೇಳುವ ಮಗು ತಪ್ಪೊಪ್ಪಿಗೆ ಬರೆಯುತ್ತಿಲ್ಲ. ಕೇಳಿದರೆ ದೊಡ್ಡವರಿಗೆ ಇರಿಸುಮುರಿಸಾಗುತ್ತದೆ, ಅಷ್ಟೇ.

ಅದೇ ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಯಲ್ಲಿ ವೇಲ್ಸ್‌ನ ಪೊವಿಸ್ ಕೋಟೆ ಇದೆ. ಕನ್ನಡಿಗರಿಗೆ ಅದು ದೂರದ ಊರಲ್ಲ. ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಡೇರೆ ಅಲ್ಲಿದೆ, ಅವನ ಸಿಂಹಾಸನಕ್ಕಿದ್ದ ಚಿನ್ನದ ಹುಲಿ ತಲೆಗಳಲ್ಲಿ ಒಂದು ಅಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ, ಕೊಳ್ಳೆಯ ಹಂಚಿಕೆಗೆ ನೇಮಕವಾದ ಅಧಿಕಾರಿಗಳು ಸಿಂಹಾಸನವನ್ನೇ ಒಡೆಸಿ ಪಾಲು ಹಾಕಿದರು. ದಂಡನಾಯಕ ಹ್ಯಾರಿಸ್‌ಗೆ ಬಂದ ಪಾಲು 1.4 ಲಕ್ಷ ಪೌಂಡಿಗೂ ಮೇಲೆ, ಸಾಮಾನ್ಯ ಬ್ರಿಟಿಷ್ ಸೈನಿಕನಿಗೆ ಸಿಕ್ಕಿದ್ದು ಏಳು ಪೌಂಡ್ ಚಿಲ್ಲರೆ, ನಮ್ಮ ಸಿಪಾಯಿಗೆ ಅದಕ್ಕೂ ಕಡಿಮೆ. ಹೈದರಾಬಾದಿನ ನಿಜಾಮನ ಸೈನ್ಯವೂ ಅಂದು ಈಸ್ಟ್ ಇಂಡಿಯಾ ಕಂಪನಿಯ ಕಡೆಯೇ ನಿಂತಿತ್ತು ಎಂಬುದನ್ನು ಮರೆಯುವಂತಿಲ್ಲ. ಆಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್. ಪೊವಿಸ್ ಮನೆತನದವಳಾದ ಅವನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಮೈಸೂರು ಸೀಮೆಗೆ ಬಂದಳು, ಬಿದ್ದ ಕೋಟೆಯನ್ನೂ ನೋಡಿದಳು. ಕಿರಿಯ ಮಗಳು ಷಾರ್ಲೆಟ್‌ಗೆ ಹೊರಡುವಾಗ ಹನ್ನೆರಡು ವರ್ಷ, ದಾರಿಯುದ್ದಕ್ಕೂ ದಿನಚರಿ ಬರೆದಳು. ಮುಂದೆ ಇದೇ ಷಾರ್ಲೆಟ್ ರಾಜಕುಮಾರಿ ವಿಕ್ಟೋರಿಯಾಳ ಶಿಕ್ಷಣದ ಉಸ್ತುವಾರಿ ವಹಿಸಿಕೊಂಡಳು. ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ಆಂಗ್ಲೋ ಮೈಸೂರು ಯುದ್ಧಗಳನ್ನು ಹೇಳಿಕೊಡಲು ಅವಳದೇ ವಯಸ್ಸಿನ ಈ ಪ್ರವಾಸಿಗಿಂತ ಒಳ್ಳೆಯ ಬಾಗಿಲು ಇನ್ನೆಲ್ಲಿ ಸಿಕ್ಕೀತು?

ಟಿಪ್ಪುವಿನ ಮರದ ಹುಲಿಯ ಕಥೆ ಎಲ್ಲರಿಗೂ ಗೊತ್ತಿದೆ. ಬ್ರಿಟಿಷನ ಮೇಲೆ ಎರಗಿದ ಹುಲಿ, ಹಿಡಿಕೆ ತಿರುಗಿಸಿದರೆ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ. 1808ರಲ್ಲಿ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಸರದಿಯಲ್ಲಿ ಹಿಡಿಕೆ ತಿರುಗಿಸುತ್ತಿದ್ದರಿಂದ ಪಕ್ಕದಲ್ಲೇ ಓದುತ್ತಿದ್ದವರು ಗಲಾಟೆ ತಡೆಯಲಾರದೆ ಗೊಣಗಿದ್ದರಂತೆ. 1880ರಿಂದ ಅದು ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ ಮ್ಯೂಸಿಯಂ ಕೂಡ ಬ್ರಿಟಿಷ್ ಮ್ಯೂಸಿಯಂನಂತೆ ಕಾನೂನಿನ ನೆಪ ಹೇಳುತ್ತದೆ: ಕೊಡಲಾಗದು, ಬೇಕಿದ್ದರೆ ಎರವಲು. 2024ರಲ್ಲಿ ಇವೆರಡೂ ಸೇರಿ ಘಾನಾದ ಅಸಾಂತೆ ಅರಸರ 32 ಒಡವೆ ವಸ್ತುಗಳನ್ನು ಕುಮಾಸಿಯ ಅರಮನೆಯ ಮ್ಯೂಸಿಯಂಗೆ ಮೂರು ವರ್ಷಕ್ಕೆ ಎರವಲು ಕೊಟ್ಟವು. ಅವುಗಳಲ್ಲಿ ಹಲವು 1874ರಲ್ಲಿ ಬ್ರಿಟಿಷ್ ಸೈನ್ಯ ಅದೇ ಕುಮಾಸಿಯಿಂದ ಹೊತ್ತುಕೊಂಡು ಹೋದವು. ಕದ್ದವನು ಕದ್ದ ಸರವನ್ನು ಮದುವೆಗೆ ಹಾಕಿಕೊಂಡು ವಾಪಸ್ ಕೊಡಿ ಅಂದಂತಾಯಿತು. ಆದರೂ ಕುಮಾಸಿಯ ಮಕ್ಕಳಿಗೆ ಆ ಮೂರು ವರ್ಷದ ಗಡುವೇ ಒಳ್ಳೆಯ ಪಠ್ಯ.

ಎರವಲು ಬಂದ ಮಾತ್ರಕ್ಕೆ ಪಾಠವಾಗುವುದಿಲ್ಲ ಎಂಬುದನ್ನು ನೆರೆಯ ಮಹಾರಾಷ್ಟ್ರದ ಸಾತಾರಾ ತೋರಿಸಿತು. ಅದೇ ವರ್ಷ ಜುಲೈನಲ್ಲಿ ಲಂಡನ್ನಿನಿಂದ ಮೂರು ವರ್ಷಕ್ಕೆ ವ್ಯಾಘ್ರನಖ ಎಂಬ ಹುಲಿಯುಗುರಿನಂಥ ಆಯುಧ ಬಂತು. ಮೆರವಣಿಗೆ, ಜಯಘೋಷ, ಮಂತ್ರಿಗಳ ಭಾಷಣ ಎಲ್ಲ ಆಯಿತು. ಶಿವಾಜಿ ಅಫ್ಜಲ್ ಖಾನನ ಮೇಲೆ ಬಳಸಿದ್ದು ಇದೇ ಎಂದು ಖಚಿತವಾಗಿ ಹೇಳಲಾಗದು ಎಂದು ಕೊಟ್ಟ ಮ್ಯೂಸಿಯಂ ಹೇಳಿತ್ತು. ಆದರೆ ಅದು ಲಂಡನ್ನಿಗೆ ಹೋದ ದಾರಿಗೆ ಹೆಸರಿದೆ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಕಂಪನಿಯ ಪರವಾಗಿ ಸಾತಾರಾಕ್ಕೆ ಬಂದು ಕೂತ ಜೇಮ್ಸ್ ಗ್ರಾಂಟ್ ಡಫ್‌ನ ಮನೆತನದ ಮೂಲಕ ಅದು ಹೋಯಿತು. ಅವನು ಮರಾಠರ ಇತಿಹಾಸ ಬರೆದವನೂ ಹೌದು. ವಸಾಹತಿನ ಅಧಿಕಾರ, ಸಂಗ್ರಹದ ಹವ್ಯಾಸ, ಇತಿಹಾಸ ಬರವಣಿಗೆ ಮೂರೂ ಒಬ್ಬನಲ್ಲೇ ಸೇರಿದ್ದ ಆ ಭಾಗ ಜಯಘೋಷದಲ್ಲಿ ಕೇಳಿಸಲೇ ಇಲ್ಲ.

ನಮ್ಮಲ್ಲೂ ಬೇರೆಯಾಗುತ್ತಿತ್ತು ಎನ್ನುವ ಧೈರ್ಯವಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಕ್ಕಳಿಗೆ ಉಳಿದದ್ದು ಎರಡು ಬಣಗಳ ಕೂಗಾಟ. ಡಿಸೆಂಬರ್ ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಶ್ರೀರಂಗಪಟ್ಟಣದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಬ್ರಿಟಿಷ್ ಸೇನಾಧಿಕಾರಿ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಸೈನ್ಯ ಚಚ್ಚೌಕವಾಗಿ ನಿಂತಿದೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಸಾವಧಾನವಾಗಿ ನೋಡಿದರೆ ಒಂದು ಗಂಟೆ ಬೇಕು. ಆದರೆ ಸಂಜೆ ದೀಪ ಹತ್ತುವ ಹೊತ್ತಿಗೆ ಬೃಂದಾವನ ಸೇರಬೇಕಲ್ಲ! ಕೈಯಿಡಬೇಡಿ, ನಿಲ್ಲಬೇಡಿ, ಬೇಗ ನಡೀರಿ ಎಂಬ ಮೂರು ಆಜ್ಞೆಗಳಲ್ಲಿ ಭೇಟಿ ಮುಗಿಯುತ್ತದೆ.

ಲಂಡನ್ನಿನ ಹುಲಿ ಬರುವವರೆಗೆ ಕಾಯಬೇಕಾಗಿಲ್ಲ. ರೆಡಿಂಗ್‌ನಂಥ ಪೆಟ್ಟಿಗೆಗೆ ಬೇಕಾದ ಸಾಮಾನು ಇಲ್ಲೇ ಬಿದ್ದಿದೆ. ವಿಕ್ಟೋರಿಯಾ ತಲೆಯ ಬೆಳ್ಳಿ ರೂಪಾಯಿ ಎಷ್ಟೋ ಮನೆಗಳಲ್ಲಿ ವರಮಹಾಲಕ್ಷ್ಮಿ ಕಲಶದೊಳಗೆ ಇಂದಿಗೂ ಕೂರುತ್ತದೆ, ತೂಕ ಸರಿಯಾಗಿ ಒಂದು ತೊಲ. ದೇವರ ಮನೆಯಲ್ಲಿ ಲಂಡನ್ನಿನ ರಾಣಿ ಹೇಗೆ ಬಂದಳು ಎಂಬುದೇ ಒಂದು ಗಂಟೆಯ ತರಗತಿ. ಮಂಗಳೂರು ಹೆಂಚು ಇನ್ನೊಂದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ತೆರೆದ ಕಾರ್ಖಾನೆ ಕೆಲಸ ಕೊಟ್ಟಿತು, ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ನೆಲೆ ಕೊಟ್ಟಿತು, ಕರಾವಳಿಯ ಸೂರನ್ನೇ ಬದಲಾಯಿಸಿತು. ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ಹೆಂಚು ಬಿಡುವುದಿಲ್ಲ. ಸಾಣಿಕಟ್ಟಾದ ಒಂದು ಹಿಡಿ ಉಪ್ಪು, ಜೊತೆಗೆ 1930ರ ಅಂಕೋಲೆಯ ಸತ್ಯಾಗ್ರಹದ ಕಥೆ. 1857ರಲ್ಲಿ ಆಯುಧ ಒಪ್ಪಿಸಲ್ಲ ಎಂದು ಸಿಡಿದೆದ್ದ ಹಲಗಲಿಯ ಬೇಡರ ಲಾವಣಿಯ ಅಚ್ಚಿನ ಪ್ರತಿ. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಜೆ.ಎಫ್. ಫ್ಲೀಟ್, ಊರನ್ನು ಸುಟ್ಟ ಅದೇ ಆಡಳಿತದ ಅಧಿಕಾರಿ.

ಪೆಟ್ಟಿಗೆ ತಿರುಗಾಡಿಸುವ ವ್ಯವಸ್ಥೆಯೂ ಹೊಸದಾಗಿ ಹುಟ್ಟಬೇಕಾಗಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಇದೆ, ಶಾಲೆಯಿಂದ ಶಾಲೆಗೆ ಓಡಾಡುವ ಸಮೂಹ ಸಂಪನ್ಮೂಲ ವ್ಯಕ್ತಿಗಳಿದ್ದಾರೆ (ಸಿಆರ್‌ಪಿ), ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ತನ್ನ ದಾಸ್ತಾನಿನಲ್ಲಿರುವ ಸಾಧಾರಣ ನಾಣ್ಯ, ಅಳತೆಗಲ್ಲು, ಪಾತ್ರೆಗಳಿಂದ, ಅಪರೂಪದವಕ್ಕೆ ಒಳ್ಳೆಯ ಪ್ರತಿಕೃತಿಗಳಿಂದ ಮಂಡ್ಯ, ಬೆಳಗಾವಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಈ ಶೈಕ್ಷಣಿಕ ವರ್ಷ ಹತ್ತು ಹತ್ತು ಪೆಟ್ಟಿಗೆ ಕಟ್ಟಿ ಕಳಿಸಲಿ. ಒಡೆದರೆ ಶಾಲೆಯ ಮೇಲೆ ದಂಡ ಹಾಕದಿರಲಿ, ಹಾಕಿದರೆ ಮುಖ್ಯ ಶಿಕ್ಷಕರು ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇರಲಿ: ಇದು ಯಾರದ್ದಾಗಿತ್ತು, ಯಾರ ಕೈಗೆ ಹೋಯಿತು, ಇಲ್ಲಿಗೆ ಹೇಗೆ ಬಂತು. ಉತ್ತರ ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಲಿ, ಮಕ್ಕಳು ಊರಿನ ಹಿರಿಯರನ್ನು ಕೇಳಿ ತುಂಬಲಿ.